ಇಳಿಜಾರಿನಲ್ಲಿ ನಿಂತ ಟ್ಯಾಕ್ಸಿ

“ಬುದ್ಧಿ, ಯಾರ ಹಂಗೂ ಇಲ್ಲದೆ ಬದುಕಿದವನ ಮನಸ್ಸು ಹಗುರಾಗಿರಬೇಕಲ್ವಾ? ನನಗ್ಯಾಕೆ ಇಷ್ಟು ಭಾರ?”

ರೇವಣಪ್ಪ ಈ ಪ್ರಶ್ನೆ ಕೇಳಿದ್ದು ಮಠದ ಹಿಂದಿನ ಜಗಲಿಯಲ್ಲಿ. ಅವನ ಗುರು ಹಾಲಯ್ಯನವರು ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ಅದು ಹೆದ್ದಾರಿಯ ಪಕ್ಕದ ಸಣ್ಣ ಮಠ. ಇರುವವರು ಗುರು ಒಬ್ಬರು, ಶಿಷ್ಯ ಒಬ್ಬ. ಬಂದು ಉಂಡು ಹೋಗುವ ದಾರಿಹೋಕರು ಮಾತ್ರ ಬಹಳ.

ರೇವಣಪ್ಪ ಮಠಕ್ಕೆ ಬಂದಾಗಿನಿಂದ ಯಾವ ಕೆಲಸಕ್ಕೂ ಹಿಂಜರಿದವನಲ್ಲ. ಬಂದವರಿಗೆ ಬೇಯಿಸಿ ಬಡಿಸುತ್ತಿದ್ದ. ಕಾಯಿಲೆಯವರು ಬಂದರೆ ಕಾಲೊತ್ತಿ ಕಷಾಯ ಕುಡಿಸುತ್ತಿದ್ದ. ಆದರೆ ತನಗೆಂದು ಯಾರಿಂದಲೂ ಒಂದು ಹಿಡಿ ಮಂಡಕ್ಕಿಯನ್ನೂ ತೆಗೆದುಕೊಂಡವನಲ್ಲ. ಅದು ಅವನ ವ್ರತ. ಒಳಗೊಳಗೇ ಅದು ಅವನ ಹೆಮ್ಮೆಯೂ ಆಗಿತ್ತು.

ಅಂದು ಬೆಳಗ್ಗೆ ಅವನ ತಮ್ಮ ಬಂದಿದ್ದ. ತಾನೇ ನೇಯ್ದ ಕಂಬಳಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ದೂರದ ಊರಿನಿಂದ ಬಸ್ಸು ಹಿಡಿದು ಬಂದಿದ್ದ. “ಚಳಿಗೆ ಇಟ್ಕೋ ಅಣ್ಣ” ಎಂದ. ರೇವಣಪ್ಪ ತಮ್ಮನಿಗೆ ಹೊಟ್ಟೆ ತುಂಬ ಬಡಿಸಿದ, ದಾರಿಗೆ ಬುತ್ತಿ ಕಟ್ಟಿಕೊಟ್ಟ, ಕಂಬಳಿಯನ್ನು ಮಾತ್ರ ಮುಟ್ಟಲಿಲ್ಲ. “ನನಗೇನೂ ಬೇಡಪ್ಪ, ನೀನೇ ಹೊದ್ಕೋ” ಎಂದು ಕಳಿಸಿಕೊಟ್ಟ. ತಮ್ಮ ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆಗಿನಿಂದ ರೇವಣಪ್ಪನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಂತಿರಲಿಲ್ಲ. ಈ ಮಠವನ್ನೂ ಬಿಟ್ಟು, ಯಾರೂ ಹತ್ತಿ ಬರದ ಎದುರಿನ ಗುಡ್ಡದ ಮೇಲೆ ಒಬ್ಬನೇ ಇದ್ದುಬಿಟ್ಟರೆ ನೆಮ್ಮದಿ ಸಿಕ್ಕೀತೇ ಎಂದು ಯೋಚಿಸುತ್ತಿದ್ದ. ಅದನ್ನೂ ಗುರುಗಳಿಗೆ ಹೇಳಿದ. ನಾಳೆಯೇ ಹೊರಡಲು ಅಪ್ಪಣೆ ಬೇಡಿದ.

ಹಾಲಯ್ಯನವರು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. “ಗುಡ್ಡ ಎಲ್ಲಿಗೂ ಓಡಿಹೋಗಲ್ಲ. ಕೂತ್ಕೋ, ಒಂದು ಕಾರಿನ ಕತೆ ಹೇಳ್ತೀನಿ” ಎಂದರು.

“ಕಾರಿನ ಕತೆಯಾ ಬುದ್ಧಿ?”

“ಯಾಕೆ, ಸ್ವಾಮಿಗಳಾದವರು ಎತ್ತಿನ ಗಾಡಿ ಕತೇನೇ ಹೇಳಬೇಕು ಅಂತ ಎಲ್ಲಾದ್ರೂ ಬರೆದಿದೆಯಾ? ಈ ಮಠಕ್ಕೆ ಬರೋರಲ್ಲಿ ಶಿವನ ಮಾತಾಡೋರು ನಾಲ್ಕು ಜನ ಇದ್ರೆ, ಗಾಡಿ ಮಾತಾಡೋರು ನಲವತ್ತು ಜನ. ಕೇಳೀ ಕೇಳೀ ನನಗೂ ಅರ್ಧ ಮೇಸ್ತ್ರಿಕೆ ಬಂದಿದೆ.”

ರೇವಣಪ್ಪ ಕೂತ. ಗುರುಗಳು ಬೇಳೆಯ ಮೇಲಿನ ಕಣ್ಣು ತೆಗೆಯದೆ ಕತೆ ಹೇಳತೊಡಗಿದರು.

ಒಂದೂರಿನ ಹೊರಗೆ, ಹೆದ್ದಾರಿಯ ಅಂಚಿನಲ್ಲಿ, ಒಬ್ಬ ಮೇಸ್ತ್ರಿ ಇದ್ದ. ಗೋಡೆ ಕಟ್ಟುವ ಮೇಸ್ತ್ರಿಯಲ್ಲ. ಕಾರು ಜೀಪುಗಳ ಎಂಜಿನ್ ಬಿಚ್ಚಿ ಕಟ್ಟುವ ಮೇಸ್ತ್ರಿ. ಒಳ್ಳೆಯ ಕೈಗುಣ. ಗುಜರಿಗೆ ಹಾಕಿ ಎಂದು ಬೇರೆಯವರು ಕೈಬಿಟ್ಟ ಎಂಜಿನ್ನನ್ನು ತೊಳೆದು, ತಿದ್ದಿ, ಮತ್ತೆ ಓಡಿಸುತ್ತಿದ್ದ. ಗ್ಯಾರೇಜಿನ ಹಿಂದೆಯೇ ಮನೆ. ಮನೆಯಲ್ಲಿ ಅವನು, ಅವನ ಹೆಂಡತಿ. ಮಕ್ಕಳಿರಲಿಲ್ಲ.

ಕಂಡವರಿಂದ ಅವನು ಮಜೂರಿ ತೆಗೆದುಕೊಳ್ಳುತ್ತಿದ್ದ. ಹತ್ತಿರದವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನೆರೆಯವರ ಸ್ಕೂಟರು ಕೆಟ್ಟರೆ ಪುಕ್ಕಟೆ, ನೆಂಟರ ಟ್ರ್ಯಾಕ್ಟರು ಕೆಟ್ಟರೆ ಪುಕ್ಕಟೆ. ಯಾರಾದರೂ ಏನಾದರೂ ಕೊಡಲು ಬಂದರೆ ಅವರ ಕೈಯನ್ನು ಹಿಂದಕ್ಕೆ ತಳ್ಳಿ, “ನಮ್ಮನಮ್ಮಲ್ಲಿ ಅದೆಲ್ಲ ಯಾಕೆ?” ಎನ್ನುತ್ತಿದ್ದ. ಊರು ಅವನನ್ನು ಹೊಗಳುತ್ತಿತ್ತು. ಹೊಗಳಿಸಿಕೊಳ್ಳುವುದು ಯಾರಿಗೆ ಕಹಿ? ಅವನಿಗೂ ಅದು ಹಿತವಾಗಿತ್ತು.

ಒಂದು ಬೇಸಿಗೆಯಲ್ಲಿ ಹೆಂಡತಿ ತೀರಿಕೊಂಡಳು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅಡುಗೆ ತಂದಿಡುವುದು ರೂಢಿ. ಹಾಗೆಯೇ ತಂದಿಟ್ಟರು. ಸೂತಕ ಕಳೆದ ಮೇಲೂ, ಒಬ್ಬಂಟಿ ಗಂಡಸು ಏನು ಬೇಯಿಸಿಕೊಂಡಾನು ಎಂದು ಒಬ್ಬರಲ್ಲ ಒಬ್ಬರು ಬಟ್ಟಲಿನಲ್ಲಿ ಸಾರೋ ಪಲ್ಯವೋ ಕಳಿಸುತ್ತಿದ್ದರು. ಬಂದ ಪಾತ್ರೆಯನ್ನು ಬರಿದು ಮರಳಿಸಬಾರದು ಅನ್ನುತ್ತಾರೆ ನಮ್ಮ ಕಡೆ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ, ನಾಲ್ಕು ದಿನ ಬಿಟ್ಟು, ಸಾವಕಾಶವಾಗಿ ಕೊಡುತ್ತಾರೆ. ಆ ನಾಲ್ಕು ದಿನ ಅವರ ಪಾತ್ರೆ ನಮ್ಮ ಗೂಡಿನಲ್ಲಿರುತ್ತದೆ. ಕೇಳುವ ನೆಪದಲ್ಲಿ ಅವರು ಬರುತ್ತಾರೆ, ಇಲ್ಲವೇ ಕೊಡುವ ನೆಪದಲ್ಲಿ ನಾವು ಹೋಗುತ್ತೇವೆ. ನಿಂತಲ್ಲೇ ಎರಡು ಮಾತಾಗುತ್ತದೆ.

ಮೇಸ್ತ್ರಿ ಹಾಗೆ ಮಾಡಲಿಲ್ಲ. ಸಾರು ಬಂದ ಗಳಿಗೆಯೇ ಅದನ್ನು ತನ್ನ ಪಾತ್ರೆಗೆ ಸುರಿದುಕೊಂಡು, ಅವರ ಬಟ್ಟಲನ್ನು ಬೆಳಗಿ, ಅದರ ತುಂಬ ಅಂಗಡಿಯ ಬೆಲ್ಲವನ್ನೋ ಹುರಿಗಡಲೆಯನ್ನೋ ತುಂಬಿ, ತಂದವರ ಬೆನ್ನ ಹಿಂದೆಯೇ ಹೋಗಿ ಅವರ ಹೊಸಿಲ ಮೇಲೆ ಇಟ್ಟು ಬರುತ್ತಿದ್ದ. ತಂದದ್ದಕ್ಕೆ ಎರಡರಷ್ಟು. ಯಾರ ಪಾತ್ರೆಯೂ ತನ್ನ ಮನೆಯಲ್ಲಿ ಒಂದು ರಾತ್ರಿ ಕಳೆಯಕೂಡದು ಎಂಬುದು ಅವನ ಹಟ.

ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಕಳಿಸುವುದನ್ನು ನಿಲ್ಲಿಸಿದರು. ಅವರಿಗೆ ಸಿಟ್ಟೇನೂ ಇರಲಿಲ್ಲ. ತಾವು ಒಯ್ದ ಸಾರಿಗೆ ಬದಲು ಅಷ್ಟು ಬೆಲ್ಲ ಬಂದಾಗ, ಏನೋ ಮಾರಲು ಹೋದ ಹಾಗೆ ಅವರಿಗೆ ನಾಚಿಕೆಯಾಗುತ್ತಿತ್ತು. ಪಾಪ, ಒಳ್ಳೆಯವನೇ, ಆದರೆ ಅವನಿಗೆ ಯಾರೂ ಬೇಕಿಲ್ಲ ಎಂದುಕೊಂಡರು. ಮೇಸ್ತ್ರಿಗೆ ಇದು ತಿಳಿಯಲಿಲ್ಲ. ಸಂಜೆ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದ. ಯಾರೂ ಬರುತ್ತಿರಲಿಲ್ಲ.

“ಆದ್ರೂ ಯಾರ ಹಂಗಿನಲ್ಲೂ ಇರಲಿಲ್ಲವಲ್ಲ ಬುದ್ಧಿ, ಒಳ್ಳೆಯವನೇ ಅಲ್ವಾ?” ಎಂದ ರೇವಣಪ್ಪ.

“ಒಳ್ಳೆಯವನೇ. ಈ ಕತೇಲಿ ಕೆಟ್ಟವರು ಯಾರೂ ಇಲ್ಲ. ನಡುವೆ ಬಾಯಿ ಹಾಕಬೇಡ” ಎಂದರು ಗುರುಗಳು.

ಅವನ ಹತ್ತಿರ ಬರುತ್ತಿದ್ದವನು ಒಬ್ಬನೇ. ಅವನು ಟ್ಯಾಕ್ಸಿ ಓಡಿಸುವವನು. ಎಳೆಯ ವಯಸ್ಸಿನಲ್ಲಿ ಇಬ್ಬರೂ ಒಂದೇ ಶೆಡ್ಡಿನಲ್ಲಿ, ಒಬ್ಬನೇ ಉಸ್ತಾದನ ಬೈಗುಳ ತಿಂದು ಬೆಳೆದವರು. ಆಮೇಲೆ ಒಬ್ಬ ಸ್ಪ್ಯಾನರ್ ಹಿಡಿದ, ಇನ್ನೊಬ್ಬ ಸ್ಟೇರಿಂಗ್ ಹಿಡಿದ. ಹೊತ್ತು ಇಳಿದ ಮೇಲೆ ಟ್ಯಾಕ್ಸಿಯವನು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತು, ಅಂದಿನ ಸವಾರಿಗಳ ಕತೆ ಹೇಳುತ್ತಿದ್ದ. ಸೀಟಿನಲ್ಲಿ ವಾಂತಿ ಮಾಡಿದ ಮದುಮಗ, ಕೋಳಿಗೂ ಬಾಡಿಗೆ ಕೇಳ್ತೀಯಾ ಎಂದು ಜಗಳಕ್ಕೆ ಬಿದ್ದ ಅಜ್ಜಿ, ಹೀಗೆ ಏನಾದರೊಂದು. ಮೇಸ್ತ್ರಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ನಗುತ್ತಿದ್ದ. ಗೆಳೆಯ ಎದ್ದು ಹೋದ ಮೇಲೆ ಮಾತಿಲ್ಲದ ಮನೆಗೆ ಹೋಗಿ ಮಲಗುತ್ತಿದ್ದ. ದಿನದಲ್ಲಿ ಅವನು ಬದುಕುತ್ತಿದ್ದದ್ದು ಆ ಒಂದು ಗಳಿಗೆ ಮಾತ್ರ. ಅದೂ ತಪ್ಪಿದರೆ ಅವನಿಗೆ ಲೋಕದಲ್ಲಿ ಯಾರೂ ಇರಲಿಲ್ಲ.

ಟ್ಯಾಕ್ಸಿ ಹಳೆಯದು. ಬರಬರುತ್ತ ಅದು ಎಂಜಿನ್ ಆಯಿಲ್ ಕುಡಿಯತೊಡಗಿತು, ಹಿಂದಿನಿಂದ ನೀಲಿ ಹೊಗೆ ಬಿಡತೊಡಗಿತು. “ಬಿಚ್ಚಿ ಮಾಡಿಬಿಡೋಣ, ತಾ” ಎಂದ ಮೇಸ್ತ್ರಿ. ಎಂಜಿನ್ ಇಳಿಸಿ ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು ಹಾಕಿದ.

ಎಂಜಿನ್ ಕೆಳಗಿಳಿದಾಗ ಬಾನೆಟ್ಟಿನ ಒಳಗಿನ ಜಾಗ ಬರಿದಾಗಿ ಕಾಣಿಸಿತು. ತುಕ್ಕು, ಜಿಡ್ಡು, ವರ್ಷಗಳ ಧೂಳು. ಬೇರೆಯವರ ಗಾಡಿಯಾಗಿದ್ದರೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದ. ಇದು ಗೆಳೆಯನದು. ತಂತಿಯ ಬ್ರಷ್ಷಿನಿಂದ ತಿಕ್ಕಿದ, ಸೀಮೆಎಣ್ಣೆಯಲ್ಲಿ ತೊಳೆದ, ಯಾರ ಕಣ್ಣಿಗೂ ಬೀಳದ ಮೂಲೆಮೂಲೆಗೂ ಬಣ್ಣ ಹೊಡೆದ. ಒಣಗಿದ ಮೇಲೆ ಇನ್ನೊಂದು ಸಲ ಹೊಡೆದ. ಆಮೇಲೆ ಎಂಜಿನ್ ಕೂರಿಸಿ, ತಂತಿ ಪಟ್ಟಿಗಳನ್ನೆಲ್ಲ ಅದರದರ ಜಾಗದಲ್ಲಿ ಇಟ್ಟು, ಬೋಲ್ಟು ಬಿಗಿದ. ಬಾನೆಟ್ ಎತ್ತಿದರೆ ಸುಣ್ಣ ಬಳಿದ ಮದುವೆಮನೆಯ ಹಾಗಿತ್ತು. ಅಷ್ಟು ಪ್ರೀತಿಯಿಂದ ಅವನು ಇನ್ನಾವ ಗಾಡಿಯ ಕೆಲಸವನ್ನೂ ಮಾಡಿರಲಿಲ್ಲ.

ಕೀಲಿ ತಿರುಗಿಸಿದರೆ ಎಂಜಿನ್ನನ್ನು ಎಬ್ಬಿಸುವ ಮೋಟಾರು ಒಂದಿರುತ್ತದೆ. ಅದಕ್ಕೆ ಸೆಲ್ಫ್ ಎನ್ನುತ್ತಾರೆ. ಮೊದಲ ಸಲ ಕೀಲಿ ತಿರುಗಿಸಿದಾಗ ಸೆಲ್ಫ್ ಸ್ವಲ್ಪ ನಿಧಾನವಾಗಿಯೇ ತಿರುಗಿತು. ಹೊಸ ರಿಂಗು, ಬಿಗಿ ಇರುತ್ತದೆ, ನಾಲ್ಕು ದಿನ ಓಡಿದರೆ ಸಡಿಲವಾಗುತ್ತದೆ ಎಂದುಕೊಂಡ ಮೇಸ್ತ್ರಿ. ಅಷ್ಟರಲ್ಲಿ ಎಂಜಿನ್ ಎದ್ದುಕೊಂಡಿತು. ಎದ್ದ ಮೇಲೆ ಅದರ ಸದ್ದು ಹೊಸ ಗಾಡಿಯ ಸದ್ದು.

ಟ್ಯಾಕ್ಸಿಯವನಿಗೆ ಕಣ್ಣು ತುಂಬಿ ಬಂತು. ಜೇಬಿಗೆ ಕೈ ಹಾಕಿದ. ಮೇಸ್ತ್ರಿ ಆ ಕೈ ಹಿಡಿದು ಹಿಂದಕ್ಕೆ ತಳ್ಳಿದ.

“ಹೋಗ್ಲಿ, ಒಂದಿನ ನನ್ನ ಗಾಡೀಲಿ ಕೂತ್ಕೋ” ಎಂದ ಟ್ಯಾಕ್ಸಿಯವನು. “ಅತ್ತಿಗೆಯ ಬೂದಿ ಬಿಟ್ಟ ಹೊಳೆಗೆ ಹೋಗಿ ಬರೋಣ. ನೀನೊಬ್ಬನೇ ಹೋಗಲ್ಲ ಅಂತ ನನಗೆ ಗೊತ್ತು. ಗಾಡಿ ಓಡಿಸೋದು ಬಿಟ್ರೆ ನಿನಗೆ ಕೊಡಕ್ಕೆ ನನ್ನ ಹತ್ರ ಇನ್ನೇನಿದೆ ಹೇಳು.”

ಮೇಸ್ತ್ರಿಗೆ ಹೋಗಬೇಕು ಅನ್ನಿಸಿತು. ಬಹಳ ಅನ್ನಿಸಿತು. ಬೂದಿ ಬಿಟ್ಟು ಬಂದ ಮೇಲೆ ಆ ಹೊಳೆಯ ಕಡೆಗೆ ಅವನು ತಲೆ ಹಾಕಿರಲಿಲ್ಲ. ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ. ಆದರೆ ಬ್ಯಾಡ ಬ್ಯಾಡ ಎಂದು ಹೇಳಿ ಪಳಗಿದ ಬಾಯಿ. “ನಿನ್ನ ಒಂದು ದಿನದ ಸವಾರಿ ಯಾಕೆ ಹಾಳು? ನನಗೇನೂ ಬ್ಯಾಡ, ನಡಿ” ಎಂದುಬಿಟ್ಟ.

ಟ್ಯಾಕ್ಸಿಯವನು ಮುಖ ಸಣ್ಣ ಮಾಡಿಕೊಂಡು ಗಾಡಿ ತೆಗೆದುಕೊಂಡು ಹೋದ.

ಆಮೇಲೆ ಸಂಜೆ ಬರುವುದು ಕಡಿಮೆಯಾಯಿತು. ಮೊದಲು ಆಗೀಗ ತಪ್ಪಿಸಿದ. ಬಂದರೂ ಗಾಡಿಯನ್ನು ರಸ್ತೆಯಲ್ಲೇ ಚಾಲೂ ಇಟ್ಟು, ನಿಂತ ಕಾಲಲ್ಲೇ ಮಾತಾಡಿ ಹೊರಟುಬಿಡುತ್ತಿದ್ದ. ಕೊನೆಗೆ ಬರುವುದನ್ನೇ ಬಿಟ್ಟ. ಮೇಸ್ತ್ರಿ ದಿನವೂ ಆ ಹಳೆಯ ಟೈರಿನ ಮೇಲಿನ ಧೂಳು ಒರೆಸಿಡುತ್ತಿದ್ದ. ಗಿರಾಕಿ ಯಾರಾದರೂ ಅದರ ಮೇಲೆ ಕೂರಲು ಹೋದರೆ ಸ್ಟೂಲು ತೋರಿಸುತ್ತಿದ್ದ. ಹೆಂಡತಿ ಸತ್ತಾಗ ಹತ್ತು ಜನರ ನಡುವೆ ಗಟ್ಟಿಯಾಗಿದ್ದವನು ಈಗ ಸಂಜೆಯಾದರೆ ಗ್ಯಾರೇಜಿನ ಷಟರ್ ಎಳೆದು ಒಳಗೆ ಕೂತು ಅಳುತ್ತಿದ್ದ. ಆದರೆ ಗೆಳೆಯನ ಮನೆಗೆ ಹೋಗಿ ಯಾಕೆ ಬರುತ್ತಿಲ್ಲ ಎಂದು ಕೇಳಲಿಲ್ಲ. ಕೇಳಿದರೆ ಬೇಡಿದ ಹಾಗಾಗುತ್ತದಲ್ಲ!

ಒಂದು ಬೆಳಗ್ಗೆ ಸಾಮಾನು ತರಲು ಪೇಟೆಗೆ ಹೊರಟಿದ್ದ. ಕೆರೆಯ ಏರಿಯಿಂದ ಕೆಳಗಿಳಿಯುವ ರಸ್ತೆಯಲ್ಲಿ ಗೆಳೆಯನ ಟ್ಯಾಕ್ಸಿ ಮೂತಿ ಕೆಳಗೆ ಮಾಡಿ ನಿಂತಿತ್ತು. ಚಕ್ರಕ್ಕೆ ಕಲ್ಲು ಕೊಟ್ಟಿತ್ತು. ಟ್ಯಾಕ್ಸಿಗಳು ನಿಲ್ಲುವ ಜಾಗ ಅದಲ್ಲ. ಟ್ಯಾಕ್ಸಿ ಸ್ಟ್ಯಾಂಡು ಪೇಟೆಯ ನಡುವೆ, ಸಮತಟ್ಟಿನಲ್ಲಿದೆ. ಇಳಿಜಾರು ಹುಡುಕಿಕೊಂಡು ಹೋಗಿ ಗಾಡಿ ನಿಲ್ಲಿಸುವವನು ಯಾಕೆ ನಿಲ್ಲಿಸುತ್ತಾನೆ ಎಂದು ಮೇಸ್ತ್ರಿಗೆ ಬೇರೆ ಹೇಳಿಕೊಡಬೇಕೆ? ಸೆಲ್ಫ್ ಎತ್ತದ ಗಾಡಿಯನ್ನು ಉರುಳಬಿಟ್ಟು, ಗೇರು ಹಾಕಿ ಎಬ್ಬಿಸುವವರು ಹಾಗೆ ನಿಲ್ಲಿಸುತ್ತಾರೆ. ತಾನು ಅಷ್ಟು ಅಕ್ಕರೆಯಿಂದ ಕಟ್ಟಿದ ಎಂಜಿನ್ನು! ಗಾಡಿಯ ಪಕ್ಕದಲ್ಲೇ ನಿಂತು ಗೆಳೆಯನಿಗಾಗಿ ಕಾದ.

ಟ್ಯಾಕ್ಸಿಯವನು ಬಂದು, ಅವನನ್ನು ನೋಡಿ ತಲೆ ತಗ್ಗಿಸಿದ.

“ಯಾವಾಗಿಂದ ಹಿಂಗೆ?” ಎಂದ ಮೇಸ್ತ್ರಿ.

“ಮೊದಲಿಂದ್ಲೂ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ?” ಎಂದ ಟ್ಯಾಕ್ಸಿಯವನು. “ಕಾಸು ಇಸ್ಕೊಂಡಿದ್ರೆ ಬಂದು ಜಗಳ ಆಡ್ತಿದ್ದೆ. ನೀನು ನನ್ನ ಕೈಲಿ ಒಂದು ಲೋಟ ಟೀನೂ ಕುಡೀಲಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ನಂತೆ ಅಂತ ಜನ ಆಡ್ಕೊಳ್ಳಲ್ವಾ? ಗಾಡಿ ಚೆನ್ನಾಗಿದೆ ಅಂತ ನಿನ್ನ ಮುಂದೆ ಸುಳ್ಳು ಹೇಳಕ್ಕೂ ನಾಲಗೆ ಬರಲಿಲ್ಲ. ಅದಕ್ಕೇ ಬರೋದು ಬಿಟ್ಟೆ.”

ತನಗೆ ಬಂದ ಒಂಟಿತನ ಗಾಡಿಯ ಕೆಡುಕಿನಿಂದ ಬಂತು ಎಂದು ಮೇಸ್ತ್ರಿಗೆ ಅನ್ನಿಸಿತು. ಗಾಡಿ ಸರಿಯಾದರೆ ಗೆಳೆಯ ಮರಳುತ್ತಾನೆ ಎಂದು ಆಸೆಯಾಯಿತು. “ತಾ ಗಾಡಿ” ಎಂದ.

ಇಬ್ಬರೂ ಗ್ಯಾರೇಜಿಗೆ ಬಂದರು. ಟ್ಯಾಕ್ಸಿಯವನು ಅದಕ್ಕೂ ಮೊದಲೇ ಬೇರೊಂದು ಕಡೆ ತೋರಿಸಿ ಹೊಸ ಬ್ಯಾಟರಿ ಹಾಕಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅದರಿಂದ ಏನೂ ಆಗಿರಲಿಲ್ಲ. ಕೀಲಿ ತಿರುಗಿಸಿದರೆ ಸೆಲ್ಫ್ ಒಮ್ಮೆ ಮುಲುಗುವುದು, ನಿಲ್ಲುವುದು, ಮತ್ತೆ ಮುಲುಗುವುದು. ಮಳೆಗಾಲದ ಬೆಳಗಿನಲ್ಲಿ ಎಬ್ಬಿಸಿದ ಸೋಮಾರಿಯ ಹಾಗೆ.

ಮೇಸ್ತ್ರಿ ಹುಡುಕಲು ಕೂತ. ಎಂಜಿನ್ ಬಿಗಿಯೇ ಎಂದು ನೋಡಲು ಪ್ಲಗ್ಗುಗಳನ್ನು ಬಿಚ್ಚಿ, ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಸೆಲ್ಫನ್ನು ಬಿಚ್ಚಿ ಹೊರಗಿಟ್ಟು ಬ್ಯಾಟರಿಗೆ ಹಚ್ಚಿದ. ಸುಂಯ್ ಎಂದು ಕೈಯಲ್ಲಿ ನಿಲ್ಲದಷ್ಟು ಜೋರಾಗಿ ತಿರುಗಿತು. ಮತ್ತೆ ಗಾಡಿಗೆ ಕೂರಿಸಿದ. ಮತ್ತೆ ಅದೇ ಮುಲುಕು. ಸೆಲ್ಫಿಗೆ ಹೋಗುವ ದಪ್ಪ ತಂತಿಯನ್ನು ಬದಲಿಸಿದ. ಏನೂ ವ್ಯತ್ಯಾಸವಿಲ್ಲ. ಬ್ಯಾಟರಿ ಗಟ್ಟಿ, ಸೆಲ್ಫ್ ಗಟ್ಟಿ, ಎಂಜಿನ್ ಹಗುರ. ಎಲ್ಲವೂ ಚೆನ್ನಾಗಿದೆ, ಗಾಡಿ ಮಾತ್ರ ಏಳುವುದಿಲ್ಲ. ತಾನೇ ಬಣ್ಣ ಹೊಡೆದು ಬಿಗಿದ ಕಡೆಗೆ ಅವನ ಕಣ್ಣು ಹೋಗುತ್ತಿತ್ತು, ಹಾಗೆಯೇ ದಾಟಿಬಿಡುತ್ತಿತ್ತು. ಅಷ್ಟು ಅಚ್ಚುಕಟ್ಟಾದ ಜಾಗದಲ್ಲಿ ತಪ್ಪು ಇದ್ದೀತೆಂದು ಯಾರಾದರೂ ಹುಡುಕುತ್ತಾರೆಯೇ?

“ಇನ್ನೊಂದು ಸಲ ಕೀಲಿ ತಿರುಗಿಸು” ಎಂದು ಗೆಳೆಯನಿಗೆ ಹೇಳಿ, ಬಾನೆಟ್ಟಿನೊಳಗೆ ಬಗ್ಗಿ ಕಿವಿ ಕೊಟ್ಟ. ಸೆಲ್ಫ್ ಮುಲುಗಿತು. ಮೇಸ್ತ್ರಿಯ ಕೈ ಆಧಾರಕ್ಕೆಂದು ಆಕ್ಸಿಲರೇಟರಿನ ಸಣ್ಣ ಕೇಬಲ್ಲನ್ನು ಹಿಡಿದಿತ್ತು. ಚುರ್ ಎಂದು ಸುಟ್ಟಿತು. ಬೆರಳುಗಳ ಮೇಲೆ ಕೆಂಪು ಬರೆ ಎದ್ದಿತು. ಕೇಬಲ್ಲಿನ ಮೇಲಿನ ರಬ್ಬರು ಕರಗಿ ಹೊಗೆಯಾಡುತ್ತಿತ್ತು.

ಆಗ ಅವನಿಗೆ ಹೊಳೆಯಿತು.

ಎಂಜಿನ್ನಿನ ಮೈಯಿಂದ ಗಾಡಿಯ ಮೈಗೆ ಒಂದು ಪಟ್ಟಿ ಇರುತ್ತದೆ, ಅರ್ತಿಂಗ್ ಪಟ್ಟಿ. ಅದರ ಬೋಲ್ಟನ್ನು ಬಿಚ್ಚಿದ. ಪಟ್ಟಿಯ ಕೆಳಗೆ ಅವನೇ ಹೊಡೆದ ಬಣ್ಣ, ಎರಡು ಪದರ, ಗಾಜಿನ ಹಾಗೆ ಹೊಳೆಯುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿಯೇ ಇರಲಿಲ್ಲ. ಬೋಲ್ಟಿನ ತಿರುಪುಗಳಲ್ಲಿ ಎಲ್ಲೋ ಒಂದಿಷ್ಟು ಸಂಪರ್ಕ ಇದ್ದದ್ದರಿಂದಲೇ ಸೆಲ್ಫ್ ಅಷ್ಟಾದರೂ ಮುಲುಗುತ್ತಿತ್ತು.

“ಇಷ್ಟೇನಾ?” ಎಂದ ಟ್ಯಾಕ್ಸಿಯವನು. “ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತಲ್ಲೋ!”

“ಇಷ್ಟೇ” ಎಂದ ಮೇಸ್ತ್ರಿ. “ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫಿಗೆ ಹೋದ್ರೆ ಆಗ್ಲಿಲ್ಲ. ಅಲ್ಲಿಂದ ಈ ಪಟ್ಟಿ ಹಿಡಿದು, ಗಾಡಿ ಮೈ ಮೇಲಿಂದ ಮತ್ತೆ ಬ್ಯಾಟರಿಗೆ ಬರಬೇಕು. ಬರೋ ದಾರೀನ ನಾನು ಬಣ್ಣ ಹೊಡೆದು ಮುಚ್ಚಿಬಿಟ್ಟಿದ್ದೆ. ದೊಡ್ಡ ದಾರಿ ಮುಚ್ಚಿದ್ರೆ ಅದು ಸಣ್ಣ ಕೇಬಲ್ಲಲ್ಲಿ ನುಗ್ಗಿ ಬರುತ್ತೆ. ಅದು ಪಾಪ, ತಡೆಯಲಾರದೆ ಸುಡುತ್ತೆ. ಬ್ಯಾಟರಿ ಎಷ್ಟು ದೊಡ್ಡದಾದ್ರೂ ಅಷ್ಟೇ. ವಾಪಸ್ ಬರೋಕೆ ಜಾಗ ಇಲ್ಲದಿದ್ರೆ ಕೊಡೋಕೂ ಆಗಲ್ಲ.”

ಅವನು ಹೇಳುತ್ತಿದ್ದದ್ದು ಗಾಡಿಯ ಮಾತು. ಹೇಳುತ್ತಲೇ ಚಾಕುವಿನಿಂದ ಆ ಜಾಗದ ಬಣ್ಣವನ್ನು ಕೆರೆದ. ಅಷ್ಟು ನಯವಾಗಿದ್ದದ್ದನ್ನು ಕೆರೆದು ಗಾಯ ಮಾಡುವುದು ಅವನಿಗೆ ಸುಲಭವಾಗಿರಲಿಲ್ಲ. ಬರಿಯ ಕಬ್ಬಿಣ ಕಾಣುವವರೆಗೂ ಕೆರೆದು, ಪಟ್ಟಿಯಿಟ್ಟು ಬೋಲ್ಟು ಬಿಗಿದ. ಸುಟ್ಟ ಕೇಬಲ್ಲನ್ನೂ ಬದಲಿಸಿದ. ಟ್ಯಾಕ್ಸಿಯವನು ಕೀಲಿಯನ್ನು ಮುಟ್ಟಿದ್ದೇ ತಡ, ಎಂಜಿನ್ ಎದ್ದು ಕೂತಿತು. ಟ್ಯಾಕ್ಸಿಯವನು ಆರಿಸಿ ಮತ್ತೆ ಎಬ್ಬಿಸಿದ, ಮತ್ತೆ ಆರಿಸಿ ಮತ್ತೆ ಎಬ್ಬಿಸಿದ. ಮಗುವಿನ ಹಾಗೆ ನಕ್ಕ. ಮೇಸ್ತ್ರಿಯೂ ನಕ್ಕ. ಬಹಳ ದಿನಗಳ ಮೇಲೆ ಆ ಗ್ಯಾರೇಜಿನಲ್ಲಿ ಇಬ್ಬರ ನಗು ಕೇಳಿಸಿತು.

ಗಾಡಿಯಿಂದ ಇಳಿದ ಟ್ಯಾಕ್ಸಿಯವನು ಮೇಸ್ತ್ರಿಯ ಬೆರಳುಗಳನ್ನು ನೋಡಿದ. ಬರೆ ಎದ್ದ ಕಡೆ ಬೊಬ್ಬೆ ಬಂದಿತ್ತು. ಓಡಿಹೋಗಿ ಹಂಡೆಯಿಂದ ಒಂದು ಚೊಂಬು ತಣ್ಣೀರು ಮೊಗೆದು ತಂದ. “ಚಾಚು ಕೈನ” ಎಂದ.

ಮೇಸ್ತ್ರಿಯ ಕೈ ಉರಿಯುತ್ತಿತ್ತು. ಆ ನೀರು ಬೇಕಿತ್ತು. ನೀರಿಗಿಂತ ಹೆಚ್ಚಾಗಿ, ಒಬ್ಬರು ತನ್ನ ಕೈ ಹಿಡಿದು ನೀರು ಹಾಕುವುದು ಬೇಕಿತ್ತು. ಹೆಂಡತಿ ಹೋದ ಮೇಲೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಚಾಚು ಎಂದು ಮನಸ್ಸು ಹೇಳಿತು. ಕೈ ಮಾತ್ರ ತಾನಾಗಿ ಬೆನ್ನ ಹಿಂದಕ್ಕೆ ಸರಿಯಿತು.

“ಏನೂ ಆಗಿಲ್ಲ, ಬಿಡು” ಎಂದ.

ಟ್ಯಾಕ್ಸಿಯವನು ಚೊಂಬು ಹಿಡಿದುಕೊಂಡು ನಿಂತ. ಇನ್ನೊಮ್ಮೆ ಕರೆಯಲಿಲ್ಲ. ಸ್ವಲ್ಪ ಹೊತ್ತು ಕಾದು, ನೀರನ್ನು ನೆಲಕ್ಕೆ ಚೆಲ್ಲಿ, ಚೊಂಬನ್ನು ಹಂಡೆಯ ಮೇಲೆ ಬೋರಲು ಹಾಕಿದ. “ಬರ್ತೀನಿ” ಎಂದು ಗಾಡಿ ಹತ್ತಿದ.

ಆ ಗಾಡಿ ಮತ್ತೆ ಕೆಡಲಿಲ್ಲ. ಮೇಸ್ತ್ರಿ ಅಷ್ಟು ಚೆನ್ನಾಗಿ ಕಟ್ಟಿದ್ದ. ಕೆಡದ ಗಾಡಿಗೆ ಗ್ಯಾರೇಜಿನಲ್ಲಿ ಏನು ಕೆಲಸ? ಅವನಿಗೆ ಆ ಎಂಜಿನ್ನಿನ ಸದ್ದು ನೂರು ಗಾಡಿಗಳ ನಡುವೆಯೂ ಗುರುತು ಸಿಗುತ್ತಿತ್ತು. ಹೆದ್ದಾರಿಯಲ್ಲಿ ಅದು ಕೇಳಿಸಿದಾಗಲೆಲ್ಲ ಕೈಯ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದ. ಸದ್ದು ಗ್ಯಾರೇಜಿನ ಮುಂದೆ ಒಂದಿಷ್ಟು ನಿಧಾನವಾಗುತ್ತಿತ್ತು, ಆಮೇಲೆ ದೂರವಾಗುತ್ತಿತ್ತು.

ಹಾಲಯ್ಯನವರು ಬೇಳೆಯನ್ನು ಮೊರದಲ್ಲಿ ಒಮ್ಮೆ ಕೇರಿ, ಪಾತ್ರೆಗೆ ಸುರಿದರು. ಕತೆ ಮುಗಿದಿತ್ತು.

ರೇವಣಪ್ಪ ಕಣ್ಣು ಒರೆಸಿಕೊಂಡ. “ಪಾಪ, ಬುದ್ಧಿ. ಆ ಮೇಸ್ತ್ರಿ ಒಂಟಿಯಾಗಿಬಿಟ್ಟ” ಎಂದ.

“ಒಂಟಿಯಾದವರು ಇಬ್ಬರು ರೇವಣ, ನೀನು ಒಬ್ಬನನ್ನೇ ಎಣಿಸಿದೆ” ಎಂದರು ಗುರುಗಳು.

ರೇವಣಪ್ಪ ಬೆಳಗ್ಗೆ ತಮ್ಮ ಕಂಬಳಿ ಹೊತ್ತು ಹೋದ ದಾರಿಯ ಕಡೆಗೆ ತಿರುಗಿ ನೋಡಿದ.